ಕೆಟ್ಟು ನಿಂತ ಲಾರಿಯ ಚರಿತ್ರೆ

ರಾಜ್ಯೋತ್ಸವದ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ವಾಚಕರು ಅದರಲ್ಲಿ ಕದಂಬರನ್ನೂ ರಾಷ್ಟ್ರಕೂಟರನ್ನೂ ವಿಜಯನಗರದ ವೈಭವವನ್ನೂ ನಿರೀಕ್ಷಿಸುವುದು ಸಹಜವೇ. ಚರಿತ್ರೆಯೆಂದರೆ ಶಾಸನ, ದೇವಾಲಯ, ದಂಡಯಾತ್ರೆ ಎಂಬುದು ನಮ್ಮಲ್ಲಿಯ ರೂಢಿ. ಅಂಥ ಸಂಚಿಕೆಯಲ್ಲಿ ಸೈನ್ಯದ ಹಳೆಯ ಸಾಮಾನು ಲಾರಿಗಳು ಹೇಗೆ ಕೆಡುತ್ತಿದ್ದವು, ಅವನ್ನು ಹೇಗೆ ದುರಸ್ತಿ ಮಾಡುತ್ತಿದ್ದರು ಎಂಬುದನ್ನು ಬರೆಯಹೊರಟ ನಮ್ಮ ಧಾರ್ಷ್ಟ್ಯವನ್ನು ಮನ್ನಿಸಬೇಕು. ದಂಡಯಾತ್ರೆಗಳನ್ನು ವರ್ಣಿಸಿದ ಕವಿಗಳು ಆನೆ ಕುದುರೆ ಕಾಲಾಳುಗಳ ಲೆಕ್ಕವನ್ನು ಧಾರಾಳವಾಗಿ ಕೊಟ್ಟಿದ್ದಾರೆ. ಆದರೆ ನಡುದಾರಿಯಲ್ಲಿ ಗಾಡಿಯ ಅಚ್ಚು ಮುರಿದಾಗ ಅದನ್ನು ಸರಿಮಾಡಿ ದಂಡನ್ನು ಮುಂದಕ್ಕೆ ಸಾಗಿಸಿದ ಬಡಗಿ ಕಮ್ಮಾರರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ದ್ವಿತೀಯ ಮಹಾಯುದ್ಧದ ಲಾರಿಗಳ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಲಾರಿಗಳು ಒಂದಷ್ಟು ಉಳಿದಿವೆ, ಬಣ್ಣ ಹಚ್ಚಿಸಿಕೊಂಡು ಮೆರವಣಿಗೆಗೂ ಬರುತ್ತವೆ. ಅವುಗಳನ್ನು ಓಡುವಂತೆ ಇಟ್ಟಿದ್ದ ಕೈಗಳ ವಿದ್ಯೆ ಮಾತ್ರ ಒಂದೊಂದಾಗಿ ಅಳಿಯುತ್ತಿದೆ. ನಾವು ಬರೆಯಕೂತದ್ದಕ್ಕೆ ಇದೇ ಮೊದಲ ಕಾರಣ.

ಎರಡನೆಯ ಕಾರಣ ನಾವಿರುವ ಈ ಮುಂಬಯಿ. ಹಾರ್ಬರ್ ಲೈನಿನಲ್ಲಿ ನಿತ್ಯವೂ ಹಾದುಹೋಗುವ ನಮ್ಮ ಎಷ್ಟೋ ಮಂದಿ ಶಿವಡಿ ನಿಲ್ದಾಣವನ್ನು ಬಲ್ಲರು. ಆ ಶಿವಡಿಯಲ್ಲಿ ೧೯೨೮ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯವರು ಮೋಟಾರು ಜೋಡಿಸುವ ಕಾರ್ಖಾನೆಯನ್ನು ತೆರೆದರು. ಫೋರ್ಡ್ ಕಂಪನಿಯ ಭಾರತದ ಶಾಖೆ ೧೯೨೬ರಲ್ಲಿಯೇ, ಕೆನಡಾದ ಫೋರ್ಡ್ ಕಂಪನಿಯ ಅಂಗವಾಗಿ ಹುಟ್ಟಿತ್ತು. ಯುದ್ಧ ಬಂದಾಗ ಈ ನಂಟು ಬಹಳ ಉಪಯೋಗಕ್ಕೆ ಬಂತು. ಕೆನಡಾದ ವಿಂಡ್ಸರ್ ಮತ್ತು ಓಶಾವಾ ಪಟ್ಟಣಗಳಲ್ಲಿ ತಯಾರಾದ ಸೈನ್ಯದ ಲಾರಿಗಳನ್ನು ಬಿಡಿಭಾಗಗಳಾಗಿಯೇ ಮರದ ಪೆಟ್ಟಿಗೆಗಳಲ್ಲಿ ತುಂಬಿ ಹಡಗಿಗೆ ಹಾಕುತ್ತಿದ್ದರು. ಬಿಡಿಸಿಟ್ಟ ಲಾರಿ ಹಿಡಿಯುವ ಜಾಗ ಕಡಿಮೆ. ಜರ್ಮನರ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದ ಆ ದಿನಗಳಲ್ಲಿ ಹಡಗಿನ ಹೊಟ್ಟೆಯ ಒಂದೊಂದು ಘನ ಅಡಿಗೂ ಬೆಲೆಯಿತ್ತು. ಆ ಪೆಟ್ಟಿಗೆಗಳು ನಮ್ಮ ಬಂದರಿನಲ್ಲಿ ಇಳಿದು, ಇಲ್ಲಿಯ ಕೆಲಸಗಾರರ ಕೈಯಲ್ಲಿ ಮತ್ತೆ ಲಾರಿಗಳಾಗಿ ಎದ್ದು ನಿಲ್ಲುತ್ತಿದ್ದವು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಭಾರತದಲ್ಲಿ ಮೋಟಾರನ್ನು ಜೋಡಿಸಿದರೆ ಸಾಲದು, ಮೂಲದಿಂದಲೇ ತಯಾರಿಸಬೇಕು ಎಂದು ಯುದ್ಧಕ್ಕೆ ಮೊದಲೇ ಹಟ ಹಿಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ೧೯೩೫ರಲ್ಲಿ ಯೂರೋಪ್ ಅಮೆರಿಕಗಳನ್ನು ಸುತ್ತಿ, ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು, ಮುಂಬಯಿಯಲ್ಲಿ ಅಂಥದೊಂದನ್ನು ಸ್ಥಾಪಿಸುವ ಯೋಜನೆಯನ್ನು ಅವರು ಸಿದ್ಧಪಡಿಸಿದ್ದರು. ವಾಲಚಂದ್ ಹೀರಾಚಂದರು ಅದಕ್ಕೆ ಹೆಗಲು ಕೊಟ್ಟರು. ಅಂದಿನ ಬ್ರಿಟಿಷ್ ಸರಕಾರ ಕೊಡಲಿಲ್ಲ. ೧೯೪೦ರ ಕೊನೆಯಲ್ಲಿ ಅದೇ ವಾಲಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಕಟ್ಟಿದರು. ಮೋಟಾರು ಕಾರ್ಖಾನೆಯ ಕಂಪನಿ ದಾಖಲಾದದ್ದು ೧೯೪೪ರಲ್ಲಿ. ಕುರ್ಲಾದಿಂದ ಅದರ ಲಾರಿ ಹೊರಬರುವ ಹೊತ್ತಿಗೆ ಯುದ್ಧವೇ ಮುಗಿದುಹೋಗಿತ್ತು. ಆದುದರಿಂದ ಯುದ್ಧಕಾಲದಲ್ಲಿ ನಮ್ಮ ಕೈಗೆ ಬಂದ ವಿದ್ಯೆ ಲಾರಿಯನ್ನು ಹೆರುವ ವಿದ್ಯೆಯಲ್ಲ, ಹುಟ್ಟಿದ್ದನ್ನು ಬದುಕಿಸಿಡುವ ವಿದ್ಯೆ. ಅದು ಕಿರಿದೆಂದು ನಾವು ಭಾವಿಸುವುದಿಲ್ಲ.

ಈಗ ಆ ಲಾರಿಯನ್ನೇ ನೋಡೋಣ. ‘ಕೆನಡಿಯನ್ ಮಿಲಿಟರಿ ಪ್ಯಾಟರ್ನ್’ ಎಂದು ಅದಕ್ಕೆ ಹೆಸರು. ಯುದ್ಧದ ಅವಧಿಯಲ್ಲಿ ಕೆನಡಾ ದೇಶವು ತಯಾರಿಸಿದ ೮ ಲಕ್ಷಕ್ಕೂ ಹೆಚ್ಚಿನ ಸೈನಿಕ ವಾಹನಗಳಲ್ಲಿ ೪ ಲಕ್ಷಕ್ಕೂ ಹೆಚ್ಚು ಈ ನಮೂನೆಯವು. ಪೇಟೆಯಲ್ಲಿ ಹಾವು ಮುಂಗುಸಿಗಳಂತಿದ್ದ ಫೋರ್ಡ್ ಮತ್ತು ಷೆವರ್ಲೆ ಎಂಬ ಎರಡು ಕಂಪನಿಗಳು ಒಂದೇ ನಕ್ಷೆಗೆ ಒಪ್ಪಿ ಕೆಲಸ ಮಾಡಿದ್ದು ಯುದ್ಧದ ವಿಚಿತ್ರಗಳಲ್ಲೊಂದು. ಚಾಲಕನ ಕೋಣೆ, ಚಕ್ರ, ಹಿಂದಿನ ತೊಟ್ಟಿ ಬಹುಮಟ್ಟಿಗೆ ಒಂದೇ. ಎಂಜಿನು ಮಾತ್ರ ಅವರವರದು. ಮೊಂಡು ಮೂಗಿನ, ಬುಲ್‌ಡಾಗ್ ನಾಯಿಯ ಮುಖದಂಥ ಮುಖ. ೧೯೪೧ರಿಂದ ಬಂದ ಮಾದರಿಯಲ್ಲಿ ಮುಂದಿನ ಗಾಜು ಮೇಲ್ಭಾಗದಲ್ಲಿ ಮುಂದಕ್ಕೆ ಬಾಗಿರುತ್ತಿತ್ತು. ಅದು ಅಲಂಕಾರವಲ್ಲ, ಬಿಸಿಲು ಗಾಜಿಗೆ ಬಡಿದು ಮಿಂಚಿದರೆ ಮೇಲೆ ಹಾರುವ ವೈರಿಯ ವಿಮಾನಕ್ಕೆ ಲಾರಿ ಎಲ್ಲಿದೆಯೆಂಬುದು ತಿಳಿದುಹೋಗುತ್ತದೆ. ಹೆಸರುಗಳೂ ಸರಳ. ‘ಎಫ್’ ಎಂದರೆ ಫೋರ್ಡ್, ‘ಸಿ’ ಎಂದರೆ ಷೆವರ್ಲೆ. ೬೦ ಎಂದರೆ ೬೦ ಹಂಡ್ರೆಡ್‌ವೇಟ್, ಅಂದರೆ ೩ ಟನ್ ಹೊರೆ. ಕೊನೆಗೆ ‘ಎಲ್’ ಇದ್ದರೆ ಉದ್ದನೆಯ ಷಾಸಿ. ಇಷ್ಟು ಬಲ್ಲವನು ‘ಸಿ ೬೦ ಎಲ್’ ಎಂದೊಡನೆ ಯಾವ ಪೆಟ್ಟಿಗೆಯಿಂದ ಯಾವ ಬಿಡಿಭಾಗವನ್ನು ತೆಗೆಯಬೇಕೆಂದು ಅರಿಯಬಲ್ಲನು.

ಎರಡು ಎಂಜಿನುಗಳಿಗೆ ಎರಡು ಸ್ವಭಾವ, ಎರಡು ಬಗೆಯ ರೋಗ. ಫೋರ್ಡಿನದು ೨೩೯ ಘನ ಅಂಗುಲದ, ೯೫ ಅಶ್ವಶಕ್ತಿಯ, ಎಂಟು ಸಿಲಿಂಡರಿನ ವಿ-೮. ಅದರ ಶಬ್ದ ಕೇಳಲು ಇಂಪು, ಓಟವೂ ಚುರುಕು. ಆದರೆ ಉರಿದ ಹೊಗೆ ಹೊರಹೋಗುವ ದಾರಿಗಳು ಎಂಜಿನಿನ ಎರಕದ ಒಡಲಿನಲ್ಲಿಯೇ, ತಣ್ಣೀರಿನ ನಡುವೆಯೇ ಹಾದುಹೋಗುತ್ತಿದ್ದುದರಿಂದ ಅದು ಬೇಗ ಕಾಯುತ್ತಿತ್ತು. ಪೆಟ್ರೋಲು ಎಳೆಯುವ ಪಂಪು ಕೂತದ್ದೂ ಎಂಜಿನಿನ ನೆತ್ತಿಯ ಮೇಲೆ. ಬಿಸಿಲಿನ ದಿನ, ಏರುದಾರಿ, ಹಿಂದಿನಿಂದ ಬೀಸುವ ಗಾಳಿ ಇವು ಮೂರೂ ಕೂಡಿದರೆ ಪಂಪಿನಲ್ಲಿ, ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿಬಿಡುತ್ತಿತ್ತು. ಆವಿಯನ್ನು ಪಂಪು ಎಳೆಯಲಾರದು. ಲಾರಿ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಹೊಸಬನಾದ ಚಾಲಕನು ಸೆಲ್ಫನ್ನು ಒತ್ತಿ ಒತ್ತಿ ಬ್ಯಾಟರಿಯನ್ನೂ ಬರಿದುಮಾಡಿ ಕೂರುವನು. ತಿಳಿದವನು ಕೆಳಗಿಳಿದು, ಹರಕು ಗೋಣಿಚೀಲದ ತುಂಡನ್ನು ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು (ಲಾರಿಯಿಂದ ದೂರ ನಿಂತು!) ಕಾಯುವನು. ಗೋಣಿ ಒಣಗುವಷ್ಟರಲ್ಲಿ ಪೆಟ್ರೋಲು ಮತ್ತೆ ನೀರಾಗಿರುತ್ತಿತ್ತು. ನಮ್ಮ ಘಟ್ಟದ ದಾರಿಗಳಲ್ಲಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಏರುತ್ತಿದ್ದ ಹಳೆಯ ಲಾರಿಗಳನ್ನು ಕಂಡ ಹಿರಿಯರಿಗೆ ಈ ಚಿಕಿತ್ಸೆ ಹೊಸದೆನಿಸದು.

ಷೆವರ್ಲೆಯದು ೨೧೬ ಘನ ಅಂಗುಲದ, ೮೫ ಅಶ್ವಶಕ್ತಿಯ, ಆರು ಸಿಲಿಂಡರು ಸಾಲಾಗಿ ನಿಂತ ಎಂಜಿನು. ಎತ್ತಿನಂತೆ ನಿಧಾನಿ, ಎತ್ತಿನಂತೆ ಸಹನಶೀಲ. ಅದರ ಕನೆಕ್ಟಿಂಗ್ ರಾಡುಗಳ ಬೇರಿಂಗು ಬ್ಯಾಬಿಟ್ ಎಂಬ ಮೆತ್ತನೆಯ ಬಿಳಿ ಲೋಹದ್ದು. ರಾಡಿನ ತುದಿಯ ಪುಟ್ಟ ಸವುಟು ಎಣ್ಣೆಯನ್ನು ಮೊಗೆದುಕೊಂಡು ಬೇರಿಂಗಿಗೆ ಉಣಿಸುತ್ತಿತ್ತು. ಎಣ್ಣೆ ಕಡಿಮೆಯಾದರೂ, ಮಿತಿಮೀರಿ ಓಡಿಸಿದರೂ ಈ ಲೋಹ ಸವೆದು ಎಂಜಿನು ‘ಟಕಟಕ’ ಎನ್ನತೊಡಗುವುದು. ಆರರಲ್ಲಿ ಯಾವುದು ಸವೆದಿದೆಯೆಂದು ಕಂಡುಹಿಡಿಯುವ ಬಗೆ ಬಲು ಸೊಗಸಾದುದು. ಎಂಜಿನು ಓಡುತ್ತಿರುವಾಗಲೇ ಮರದ ಹಿಡಿಯ ಸ್ಕ್ರೂಡ್ರೈವರನ್ನು ಒಂದು ಪ್ಲಗ್ಗಿನ ತಲೆಗೂ ಎಂಜಿನಿನ ಮೈಗೂ ತಾಗಿಸಿದರೆ ಆ ಸಿಲಿಂಡರಿನ ಕಿಡಿ ಸಾಯುತ್ತದೆ, ಅದರ ಮೇಲಿನ ಭಾರ ಇಳಿಯುತ್ತದೆ. ಹೀಗೆ ಒಂದೊಂದನ್ನೇ ಸಾಯಿಸುತ್ತ ಹೋದಾಗ ಯಾವುದರಲ್ಲಿ ಶಬ್ದ ತಗ್ಗುವುದೋ ಅದೇ ಅಪರಾಧಿ. ಆಮೇಲೆ ಕೆಳಗಿನ ಎಣ್ಣೆ ತಟ್ಟೆಯನ್ನು ಬಿಚ್ಚಿ, ಬೇರಿಂಗಿನ ಮುಚ್ಚಳದ ನಡುವೆ ಇಟ್ಟಿರುವ ತೆಳು ತಗಡುಗಳಲ್ಲಿ ಒಂದನ್ನು ತೆಗೆದು ಬಿಗಿಮಾಡಿದರೆ ಲಾರಿ ಮತ್ತೆ ಸಾವಿರಾರು ಮೈಲಿಗೆ ಸಿದ್ಧ. ಇದಕ್ಕೆ ಲೇಥು ಬೇಡ, ಕ್ರೇನು ಬೇಡ. ಮರದ ನೆರಳು, ಒಂದು ಪಾನಾ, ಬೆನ್ನ ಮೇಲೆ ಮಲಗಿ ಕೆಲಸಮಾಡಬಲ್ಲ ಒಬ್ಬ ಮನುಷ್ಯ, ಇಷ್ಟೇ ಸಾಕು.

ಆ ಕಾಲದ ಸೈನ್ಯದ ಲಾರಿ ಎಂದೂ ಕೆಡದ ಲಾರಿಯಾಗಿರಲಿಲ್ಲ. ಈಗಿನವರು ಹಳೆಯ ಯಂತ್ರಗಳನ್ನು ಹೊಗಳುವಾಗ ‘ಆಗಿನದು ಗಟ್ಟಿ, ಕೆಡುತ್ತಲೇ ಇರಲಿಲ್ಲ’ ಎನ್ನುತ್ತಾರೆ. ಇದು ಶುದ್ಧ ಸುಳ್ಳು. ಅದು ವಾರಕ್ಕೊಮ್ಮೆ ಕೆಡುತ್ತಿತ್ತು. ಕೆಟ್ಟರೆ ಏನು ಕೆಟ್ಟಿದೆಯೆಂದು ಬರಿಗಣ್ಣಿಗೆ ಕಾಣಿಸುತ್ತಿತ್ತು, ಕೈಗೆ ಸಿಗುತ್ತಿತ್ತು, ಹಳ್ಳಿಯ ಕಮ್ಮಾರನ ಸುತ್ತಿಗೆಗೂ ಬಗ್ಗುತ್ತಿತ್ತು. ಅದರ ಗಟ್ಟಿತನ ಇದ್ದದ್ದು ಅಲ್ಲಿ. ಕೆಡುವುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ಯಂತ್ರ ಅದು.

ಎಂಜಿನು ಏಳದಿದ್ದರೆ ಹುಡುಕಾಟದ ಕ್ರಮ ಎಲ್ಲೆಡೆಯೂ ಒಂದೇ. ಕಿಡಿ ಇದೆಯೇ? ಪೆಟ್ರೋಲು ಬರುತ್ತಿದೆಯೇ? ಒತ್ತಡ ನಿಲ್ಲುತ್ತಿದೆಯೇ? ಪ್ಲಗ್ಗಿನ ತಂತಿಯನ್ನು ಎಂಜಿನಿನ ಮೈಗೆ ಕಾಲು ಅಂಗುಲ ದೂರದಲ್ಲಿ ಹಿಡಿದು ಸುತ್ತಿಸಿದರೆ ನೀಲಿ ಕಿಡಿ ಚಟ್ಟನೆ ಹಾರಬೇಕು. ಬಡಕಲು ಹಳದಿ ಕಿಡಿಯಾದರೆ ಪಾಯಿಂಟೋ ಕಂಡೆನ್ಸರೋ ಕೆಟ್ಟಿದೆ. ಕಾರ್ಬುರೇಟರಿನ ಕೊಳವೆ ಬಿಚ್ಚಿದರೆ ಪೆಟ್ರೋಲು ಚಿಮ್ಮಬೇಕು. ಕಿಡಿಯೂ ಪೆಟ್ರೋಲೂ ಇದ್ದು ಎಂಜಿನು ಏಳದಿದ್ದರೆ ತಂತಿಗಳ ಸರದಿ ತಪ್ಪಿರಬೇಕು. ಷೆವರ್ಲೆಗೆ ೧-೫-೩-೬-೨-೪, ಫೋರ್ಡಿಗೆ ೧-೫-೪-೮-೬-೩-೭-೨. ಫಿಟ್ಟರುಗಳು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಿದ್ದರು. ಕಠಿಣವಾದುದನ್ನು ಶಂಕಿಸುವ ಮೊದಲು ಸುಲಭವಾದುದನ್ನು ನೋಡಬೇಕೆಂಬುದು ಈ ವಿದ್ಯೆಯ ಮೊದಲ ಸೂತ್ರ. ಕಲಿಯುವುದು ಎಲ್ಲಕ್ಕಿಂತ ಕೊನೆಗೆ.

ಎಲ್ಲ ತಪ್ಪುಗಳೂ ಇಷ್ಟು ಸೌಮ್ಯವಲ್ಲ. ಕಾದ ಎಂಜಿನಿಗೆ ಗಾಬರಿಯಿಂದ ತಣ್ಣೀರು ಸುರಿದರೆ ಎರಕದ ಒಡಲು ಸೀಳಿಹೋಗುತ್ತದೆ. ಬ್ರೇಕಿನ ಎಣ್ಣೆ ಮುಗಿದಾಗ, ಎಣ್ಣೆ ಎಂದರೆ ಎಣ್ಣೆಯೇ ಅಲ್ಲವೇ ಎಂದು ಎಂಜಿನು ಎಣ್ಣೆಯನ್ನು ಹಾಕಿದವರುಂಟು. ಆಗಿನ ಸಹಜ ರಬ್ಬರಿನ ಬಟ್ಟಲುಗಳು ಅದರಲ್ಲಿ ಉಬ್ಬಿ ಕೊಳೆತು, ಕೆಲವು ದಿನಗಳಲ್ಲಿ ಇಳಿಜಾರಿನಲ್ಲಿ ಬ್ರೇಕೇ ಇಲ್ಲದಂತಾಗುವುದು. ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಲೀವರನ್ನು ಕೆಸರು ದಾಟಿದ ಮೇಲೂ ಹಾಗೆಯೇ ಬಿಟ್ಟು ಗಟ್ಟಿ ರಸ್ತೆಯಲ್ಲಿ ಓಡಿಸಿದರೆ ಮುಂದಿನ ಹಿಂದಿನ ಅಚ್ಚುಗಳು ಪರಸ್ಪರ ಜಗ್ಗಾಡಿ ಹಲ್ಲುಚಕ್ರಗಳು ಮುರಿಯುವುವು. ಎಲ್ಲಕ್ಕಿಂತ ಘೋರವಾದುದು ಚಕ್ರದ ವಿಷಯ. ಈ ಲಾರಿಗಳ ಚಕ್ರದ ತಟ್ಟೆ ಎರಡು ಹೋಳಿನದು. ಹೋಳುಗಳನ್ನು ಒಂದು ಸುತ್ತು ನಟ್ಟುಗಳು ಕೂಡಿಸಿರುತ್ತವೆ, ಚಕ್ರವನ್ನು ಅಚ್ಚಿಗೆ ಬಿಗಿಯುವ ನಟ್ಟುಗಳು ಬೇರೆ. ಗಾಳಿ ತುಂಬಿದ ಟಾಯರು ಇರುವಾಗಲೇ ತಿಳಿಯದೆ ಹೋಳಿನ ನಟ್ಟುಗಳನ್ನು ಬಿಚ್ಚಿದರೆ ತಟ್ಟೆ ಗುಂಡಿನಂತೆ ಸಿಡಿದು ಎದುರಿಗೆ ಕೂತವನನ್ನು ಕೊಲ್ಲುತ್ತದೆ. ಅದಕ್ಕಾಗಿಯೇ ಆ ಸುತ್ತಿನ ನಟ್ಟುಗಳಿಗೆ ಕೆಂಪು ಬಣ್ಣ ಹಚ್ಚುವ ಪದ್ಧತಿ ಬಂತು. ಅಕ್ಷರ ಬಾರದವನಿಗೂ ಕೆಂಪು ಅರ್ಥವಾಗುತ್ತದೆ.

ಅಕ್ಷರದ ಮಾತು ಬಂದದ್ದು ಅಕಸ್ಮಾತ್ತಲ್ಲ. ೧೯೩೯ರಲ್ಲಿ ಸುಮಾರು ೨ ಲಕ್ಷವಿದ್ದ ಭಾರತೀಯ ಸೈನ್ಯ ೧೯೪೫ರ ಹೊತ್ತಿಗೆ ೨೫ ಲಕ್ಷವಾಯಿತು. ಸೇರಿದವರಲ್ಲಿ ಬಹುಪಾಲು ಮಂದಿ ಹಳ್ಳಿಯವರು. ನೇಗಿಲು ಹಿಡಿದ ಕೈಗೆ ಕೆಲವೇ ತಿಂಗಳಲ್ಲಿ ಸ್ಟೀರಿಂಗು ಬಂತು. ಗೇರು ಬದಲಿಸಬೇಕಾದರೆ ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕಾದ ಒರಟು ಗೇರುಪೆಟ್ಟಿಗೆ ಅದು. ಯಂತ್ರ ಹೆಚ್ಚಿತು, ಯಂತ್ರ ಬಲ್ಲವರು ಹೆಚ್ಚಲಿಲ್ಲ. ಮೊದಮೊದಲು ದುರಸ್ತಿಯ ಕೆಲಸ ಮದ್ದುಗುಂಡುಗಳ ಉಗ್ರಾಣ ನೋಡಿಕೊಳ್ಳುವ ಆರ್ಡನೆನ್ಸ್ ವಿಭಾಗದ ಕೈಯಲ್ಲಿಯೇ ಇತ್ತು. ೧೯೪೩ರ ಮೇ ತಿಂಗಳಿನಲ್ಲಿ ಅದಕ್ಕೆಂದೇ ಬೇರೊಂದು ದಳ ಏರ್ಪಟ್ಟಿತು. ಇಂದು ನಾವು ಇ.ಎಂ.ಇ. ಎಂದು ಕರೆಯುವ ದಳದ ಹುಟ್ಟು ಅದು. ಸಿಕಂದರಾಬಾದಿನ ಅದರ ಶಾಲೆಯಲ್ಲಿ ಕಲಿತು ಬಂದವರು ನಮ್ಮ ಕನ್ನಡಿಗರಲ್ಲಿಯೂ ಅನೇಕರಿದ್ದಾರೆ.

ದುರಸ್ತಿಯನ್ನು ಸೈನ್ಯದವರು ಮೆಟ್ಟಿಲುಗಳಾಗಿ ಹಂಚಿದ್ದರು. ಎಣ್ಣೆ, ನೀರು, ಗಾಳಿ, ಬಿಗಿತ ಇವು ಚಾಲಕನ ಪಾಲು. ಪಾಯಿಂಟು, ಪ್ಲಗ್ಗು, ಬೇರಿಂಗುಗಳಂಥ ಸಣ್ಣ ಕೆಲಸ ತುಕಡಿಯ ಬೆನ್ನಿಗೇ ಸಾಗುವ ಲೈಟ್ ಏಡ್ ಡಿಟ್ಯಾಚ್‌ಮೆಂಟಿನದು. ಅದಕ್ಕೂ ಮೀರಿದರೆ ಹಿಂದಿನ ಕಾರ್ಯಾಗಾರ. ಎಂಜಿನನ್ನೇ ಬಿಚ್ಚಿ ಹೊಸದುಮಾಡಬೇಕಾದರೆ ನೂರಾರು ಮೈಲಿ ಹಿಂದಿನ ಮೂಲ ಕಾರ್ಯಾಗಾರ. ಸತ್ತ ಲಾರಿಯ ಅಂಗವನ್ನು ಕಿತ್ತು ಬದುಕಿರುವುದಕ್ಕೆ ಹಾಕುವ ಪದ್ಧತಿಯೂ ಇತ್ತು. ಇದನ್ನು ಕಾರ್ಯಾಗಾರದವರು ಲೆಕ್ಕವಿಟ್ಟು ಮಾಡಿದರೆ ಹತ್ತರಲ್ಲಿ ಎಂಟು ಬದುಕುವುವು. ಚಾಲಕರೇ ರಾತ್ರಿ ಕದ್ದು ಮಾಡತೊಡಗಿದರೆ ಹತ್ತೂ ಸಾಯುವುವು. ಅಮೆರಿಕದ ಜಿ.ಎಂ.ಸಿ. ಎರಡೂವರೆ ಟನ್ ಲಾರಿಯಲ್ಲಿ ಇನ್ನೊಂದು ಪೇಚು. ೫ ಲಕ್ಷಕ್ಕೂ ಮೀರಿ ತಯಾರಾದ, ಆರೂ ಚಕ್ರ ಎಳೆಯುವ ಆ ಲಾರಿಗೆ ಎರಡು ಬಗೆಯ ಅಚ್ಚುಗಳನ್ನು ಹಾಕಿದ್ದರು. ಒಂದರ ಭಾಗ ಇನ್ನೊಂದಕ್ಕೆ ಕೂರದು. ಹೊರಗಿನಿಂದ ಎರಡು ಲಾರಿಯೂ ಅವಳಿಜವಳಿ. ಕೆಳಗೆ ಬಗ್ಗಿ ನೋಡದೆ ಬಿಡಿಭಾಗಕ್ಕೆ ಚೀಟಿ ಬರೆದ ಗುಮಾಸ್ತನು ದೂರದಿಂದ ವಾರಗಟ್ಟಲೆ ಕಾದು ತರಿಸಿದ್ದು ಕೆಲಸಕ್ಕೆ ಬಾರದ ಕಬ್ಬಿಣ.

ಇದೆಲ್ಲ ಎಷ್ಟರಮಟ್ಟಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತೆಂಬುದನ್ನು ತಿಳಿಯಲು ಬರ್ಮಾದ ಗಡಿಗೆ ಹೋಗಬೇಕು. ದಿಮಾಪುರದ ರೈಲು ನಿಲ್ದಾಣದಿಂದ ಇಂಫಾಲಕ್ಕೆ ಸುಮಾರು ೧೩೦ ಮೈಲಿಯ ಒಂದೇ ಬೆಟ್ಟದ ದಾರಿ. ಹದಿನಾಲ್ಕನೆಯ ಸೈನ್ಯದ ಊಟ, ಗುಂಡು, ಔಷಧಿ ಎಲ್ಲವೂ ಆ ದಾರಿಯ ಲಾರಿಗಳ ಮೇಲೆ. ಇಕ್ಕಟ್ಟಿನ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನ ಸಾಲೆಲ್ಲ ನಿಂತಂತೆಯೇ. ೧೯೪೪ರ ಮಾರ್ಚಿ ತಿಂಗಳ ಕೊನೆಯಲ್ಲಿ ಜಪಾನಿಯರು ಆ ದಾರಿಯನ್ನು ಕಡಿದರು. ಜೂನ್ ೨೨ರಂದು ಅದು ಮತ್ತೆ ತೆರೆಯುವವರೆಗೆ ಇಂಫಾಲಕ್ಕೆ ಬರಬೇಕಾದುದೆಲ್ಲ ವಿಮಾನದಲ್ಲಿಯೇ ಬರಬೇಕಾಯಿತು. ಅಕ್ಕಿಗೂ ಗುಂಡಿಗೂ ವಿಮಾನದಲ್ಲಿ ಜಾಗ ಸಾಲದಿರುವಾಗ ಕ್ಲಚ್ಚಿನ ತಟ್ಟೆಗೆ ಎಲ್ಲಿಯ ಜಾಗ? ಇದ್ದುದರಲ್ಲಿಯೇ ತೇಪೆ ಹಾಕಿ ಓಡಿಸಬೇಕು. ಅದೇ ವರ್ಷ ಮಳೆಗಾಲದ ಕೊನೆಯಲ್ಲಿ ನಮ್ಮ ಐದನೆಯ ಡಿವಿಜನ್ನು ಟಿಡ್ಡಿಮ್ಮಿನ ಕಡೆಗೆ ಮುಂದೊತ್ತಿದಾಗ ಎದುರಾದದ್ದು ಸೈನಿಕರು ‘ಚಾಕೊಲೇಟ್ ಮೆಟ್ಟಿಲು’ ಎಂದು ಕರೆದ ಏರು: ೭ ಮೈಲಿಯಲ್ಲಿ ೩,೦೦೦ ಅಡಿ, ೩೮ ಕಡಿದಾದ ತಿರುವುಗಳು, ಮೇಲಿಂದ ಕೆಳಗಿನವರೆಗೂ ಕೆಸರು. ಹೆಸರಿನ ಸಿಹಿಯನ್ನು ಚಾಲಕರು ಉಂಡಿರಲಾರರು. ಇನ್ನೊಂದು ದಾರಿಗೆ ಕಲ್ಲೇ ಸಿಕ್ಕದಿದ್ದಾಗ ಎಂಜಿನಿಯರುಗಳು ಗೋಣಿಬಟ್ಟೆಯನ್ನು ಡಾಂಬರಿನಲ್ಲಿ ಅದ್ದಿ ಮೈಲಿಗಟ್ಟಲೆ ನೆಲಕ್ಕೆ ಹಾಸಿದರು. ಪಂಪಿಗೆ ಹೊದಿಸಿದ ಗೋಣಿಯೇ ರಸ್ತೆಗೂ ಹೊದಿಕೆಯಾಯಿತು.

ಅಸ್ಸಾಮಿನ ಲೇಡೋದಿಂದ ಚೀನಕ್ಕೆ ಹೋಗುವ ದಾರಿಯನ್ನು ೧೯೪೨ರ ಡಿಸೆಂಬರಿನಲ್ಲಿ ಕಡಿಯಲು ತೊಡಗಿದ್ದರು. ಅದನ್ನು ಕಡಿದ ಅಮೆರಿಕದ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರಿಯರು. ಅಸ್ಸಾಮಿನ, ಬರ್ಮಾದ, ಚೀನದ ಕೂಲಿಗಳ ಲೆಕ್ಕ ಬೇರೆ. ೧೯೪೫ರ ಜನವರಿ ೧೨ರಂದು ಲೇಡೋ ಬಿಟ್ಟ ೧೧೩ ವಾಹನಗಳ ಮೊದಲ ಸಾಲು ಫೆಬ್ರವರಿ ೪ರಂದು ಕುನ್‌ಮಿಂಗ್ ತಲುಪಿತು. ದಾರಿ ೧,೦೭೯ ಮೈಲಿ. ಚಿತ್ರಗಳಲ್ಲಿ ಕಾಣುವುದು ಹೂಮಾಲೆ, ಬಾವುಟ; ಪ್ರತಿ ರಾತ್ರಿ ತಂಗಿದ ಕಡೆಯಲ್ಲಿ ಹೊಗೆದೀಪದ ಬೆಳಕಿನಲ್ಲಿ ಸ್ಪ್ರಿಂಗಿನ ಮುರಿದ ಪಟ್ಟಿಯನ್ನು ಬದಲಿಸಿದವರ ಚಿತ್ರವನ್ನು ನಾವು ಎಲ್ಲಿಯೂ ಕಾಣಲಿಲ್ಲ.

ದುರಸ್ತಿಯನ್ನು ಮರೆತರೆ ಏನಾಗುವುದೆಂಬುದಕ್ಕೂ ಅದೇ ಯುದ್ಧದಲ್ಲಿ ದೊಡ್ಡ ಉದಾಹರಣೆಯಿದೆ. ೧೯೪೪ರ ಆಗಸ್ಟ್ ೨೫ರಿಂದ ನವೆಂಬರ್ ೧೬ರವರೆಗೆ ಫ್ರಾನ್ಸಿನಲ್ಲಿ ಅಮೆರಿಕದವರು ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿ ಸಾಗಾಟವನ್ನು ಹಗಲಿರುಳೂ ನಡೆಸಿದರು. ಆಗಸ್ಟ್ ೨೯ರ ಒಂದೇ ದಿನ ೫,೯೫೮ ವಾಹನಗಳು ೧೨,೩೪೨ ಟನ್ ಸಾಮಾನು ಹೊತ್ತವು. ಚಾಲಕರಲ್ಲಿ ಮುಕ್ಕಾಲು ಪಾಲು ಅಲ್ಲಿಯೂ ಕರಿಯರು. ಅವರ ಸಾಹಸವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ವೇಗಕ್ಕೆ ತಡೆಯಾಗಿ ಕಾರ್ಬುರೇಟರಿಗೆ ಹಾಕಿದ್ದ ಗವರ್ನರನ್ನು ಕಿತ್ತುಹಾಕಿ, ಮಿತಿಮೀರಿ ಹೇರಿ, ಎಣ್ಣೆ ನೋಡುವುದಕ್ಕೂ ನಿಲ್ಲದೆ ಓಡಿದ ಆ ಲಾರಿಗಳು ಕೆಲವೇ ವಾರಗಳಲ್ಲಿ ದಾರಿಯ ಬದಿಯಲ್ಲಿ ಸಾಲುಗಟ್ಟಿ ನಿಂತವು, ಟಾಯರುಗಳಂತೂ ಹೇಳಹೆಸರಿಲ್ಲದಾದವು. ಟಾಯರಿನ ಬರಕ್ಕೆ ಮೂಲ ಇನ್ನೂ ಹಿಂದಿತ್ತು. ೧೯೪೨ರಲ್ಲಿ ಮಲಯಾ ಬಿದ್ದಾಗಲೇ ಜಗತ್ತಿನ ರಬ್ಬರಿನ ಬಹುಭಾಗ ಜಪಾನಿನ ಕೈಸೇರಿತ್ತು. ಅಮೆರಿಕದ ಸೈನ್ಯವು ‘ಆರ್ಮಿ ಮೋಟರ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿ, ವಿಲ್ ಐಸ್ನರ್ ಎಂಬ ವ್ಯಂಗ್ಯಚಿತ್ರಕಾರನಿಂದ ‘ಜೋ ಡೋಪ್’ ಎಂಬ ಪೆದ್ದ ಸಿಪಾಯಿಯ ಪಾತ್ರವನ್ನು ಬರೆಸಿ, ಅವನು ಲಾರಿಯನ್ನು ಕೆಡಿಸುವ ಬಗೆಗಳನ್ನು ತೋರಿಸಿ ನಗಿಸುತ್ತ ಪಾಠ ಹೇಳಿತು. ತಾಂತ್ರಿಕ ಕೈಪಿಡಿಯ ನೂರು ಪುಟಕ್ಕಿಂತ ಪೆದ್ದನ ಒಂದು ಚಿತ್ರ ಹೆಚ್ಚು ಲಾರಿಗಳನ್ನು ಉಳಿಸಿರಬೇಕೆಂದು ನಮ್ಮ ಅಂದಾಜು.

ಯುದ್ಧ ಮುಗಿದ ಮೇಲೆ ಮಿಕ್ಕ ಲಾರಿಗಳನ್ನು ಸರಕಾರದ ಡಿಸ್ಪೋಸಲ್ಸ್ ಇಲಾಖೆ ಮಾರಿಹಾಕಿತು. ಇದ್ದಿಲಿನ ಹೊಗೆಯಿಂದ ಬಸ್ಸು ಓಡಿಸಿ ಬೇಸತ್ತಿದ್ದ ಮಾಲೀಕರು ಕೊಂಡುಕೊಂಡರು. ಮಿಲಿಟರಿ ಷಾಸಿಯ ಮೇಲೆ ಮರದ ಮೈ ಕಟ್ಟಿದ ಬಸ್ಸುಗಳು, ಲಾರಿಗಳು ನಮ್ಮ ಊರುಗಳಿಗೂ ಬಂದವು. ಅವುಗಳೊಡನೆ ಸೈನ್ಯದಿಂದ ಬಿಡುಗಡೆಯಾದ ಫಿಟ್ಟರುಗಳೂ ಬಂದರು. ತಾಲೂಕು ಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಮಾಡಿನ ಕೆಳಗೆ, ಎಣ್ಣೆಗಪ್ಪು ನೆಲದ ಗ್ಯಾರೇಜು ಇಟ್ಟವರಲ್ಲಿ ಎಷ್ಟು ಮಂದಿ ಈ ಯುದ್ಧದ ವಿದ್ಯಾರ್ಥಿಗಳೋ, ಲೆಕ್ಕವಿಟ್ಟವರಿಲ್ಲ. ಅವರ ಕೆಳಗೆ ಪಾನಾ ಎತ್ತಿಕೊಡುತ್ತ ಕಲಿತ ಹುಡುಗರು ಮುಂದೆ ಮೇಸ್ತ್ರಿಗಳಾದರು. ಸೈನ್ಯದಲ್ಲಿ ಉಳಿದ ಫೋರ್ಡ್ ಷೆವರ್ಲೆಗಳು ೧೯೪೭-೪೮ರ ಕಾಶ್ಮೀರದ ಕದನದಲ್ಲಿಯೂ ದುಡಿದವು. ಜರ್ಮನಿಯ ಎಂ.ಎ.ಎನ್. ಕಂಪ���ಿಯೊಡನೆ ಒಪ್ಪಂದವಾಗಿ, ಕೃಷ್ಣ ಮೆನನ್ನರು ರಕ್ಷಣಾ ಮಂತ್ರಿಯಾಗಿದ್ದಾಗ ಜಬಲಪುರದಲ್ಲಿ ‘ಶಕ್ತಿಮಾನ್’ ಲಾರಿ ತಯಾರಾಗತೊಡಗಿತು. ೧೯೯೬ರವರೆಗೂ ಅದು ಬಂತು. ಮುಂಬಯಿಯ ಫೋರ್ಡ್, ಜನರಲ್ ಮೋಟಾರ್ಸ್ ಜೋಡಣೆ ೧೯೫೦ರ ದಶಕದ ಮೊದಲ ಅರ್ಧದಲ್ಲಿಯೇ ನಿಂತುಹೋಗಿತ್ತು.

ಕೊನೆಯದಾಗಿ ನಮ್ಮದೇ ಒಂದು ಪೇಚಾಟವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ನಾಲ್ಕಾರು ಮಂದಿ ಗೆಳೆಯರು, ಪುಣೆಯಾಚೆಯ ಒಂದು ಅಂಗಳದಲ್ಲಿ ಮಳೆಬಿಸಿಲಿಗೆ ನಿಂತಿದ್ದ ಷೆವರ್ಲೆ ಲಾರಿಯೊಂದನ್ನು ಬದುಕಿಸುವ ಹುಚ್ಚಿಗೆ ಬಿದ್ದೆವು. ತುಕ್ಕು ಉಜ್ಜಿದೆವು, ಷಾಸಿಯಿಂದ ಹಿಡಿದು ಬಾನೆಟ್ಟಿನವರೆಗೆ ಮಿಲಿಟರಿ ಹಸಿರು ಬಣ್ಣವನ್ನು ಎರಡು ಸಲ ಹೊಡೆಸಿದೆವು. ನೋಡಿದವರೆಲ್ಲ ಮೆಚ್ಚಿದರು. ಎಂಜಿನು ಮಾತ್ರ ಏಳಲೊಲ್ಲದು. ಸೆಲ್ಫು ಒತ್ತಿದರೆ ಮುದುಕನಂತೆ ಒಂದು ಸುತ್ತು ಸುತ್ತಿ ಸುಮ್ಮನಾಗುವುದು. ಹೊಸ ಬ್ಯಾಟರಿ ತಂದೆವು, ಸೆಲ್ಫನ್ನು ಬಿಚ್ಚಿ ಸುತ್ತಿಸಿದೆವು, ದುಡ್ಡು ಹೋಯಿತು, ಎರಡು ತಿಂಗಳೂ ಹೋದವು. ಕಡೆಗೆ ಯಾರೋ ಹೇಳಿದರೆಂದು, ೧೯೬೩ರಲ್ಲಿ ಭರ್ತಿಯಾಗಿ ಇ.ಎಂ.ಇ.ಯಲ್ಲಿ ದುಡಿದು ನಿವೃತ್ತರಾಗಿ ಪುಣೆಯಲ್ಲಿಯೇ ನೆಲೆಸಿದ್ದ, ಗದಗಿನ ಕಡೆಯ ಹವಾಲ್ದಾರರೊಬ್ಬರನ್ನು ಕರೆತಂದೆವು. ನೌಕರಿಯ ಮೊದಲ ವರ್ಷಗಳಲ್ಲಿ ಇಂಥ ಲಾರಿಗಳ ಮೇಲೆಯೇ ಕೈ ಪಳಗಿಸಿಕೊಂಡವರು ಅವರು. ಬಂದವರು ಚಹವನ್ನೂ ಕುಡಿಯದೆ ಲಾರಿಯ ಸುತ್ತ ಒಮ್ಮೆ ಬಂದರು. ಸೆಲ್ಫು ಒತ್ತಿಸಿ, ಬ್ಯಾಟರಿಯ ದಪ್ಪ ತಂತಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ಅದರ ತುದಿ ಷಾಸಿಗೆ ಸೇರುವ ಜಾಗವನ್ನು ಮುಟ್ಟಿ ಕೈ ಹಿಂದೆಗೆದರು. ಅದು ಸುಡುತ್ತಿತ್ತು.

“ಬ್ಯಾಟರಿ ಬದಲಿ ಮಾಡೀರಿ, ಸೆಲ್ಫ್ ಬಿಚ್ಚೀರಿ. ಅರ್ಥ್ ನೋಡೀರೇನು?” ಎಂದರು.

ನೋಡಿರಲಿಲ್ಲ.

“ಆರು ವೋಲ್ಟಿನ ಗಾಡಿ ಇದು. ಇದ್ದದ್ದ ಆರು, ಅದರಾಗ ಇಲ್ಲೇ ಎರಡು ಹೋದ್ರ ಸೆಲ್ಫಿಗೆ ಏನು ಉಳೀತದ? ಬಣ್ಣದಾಗ ಕರೆಂಟು ಹರಿಯೂದಿಲ್ರೀ.” ಅಷ್ಟು ಹೇಳಿ, ನಮ್ಮೊಡನಿದ್ದ ಹುಡುಗನ ಕಡೆ ತಿರುಗಿ, “ತಮ್ಮಾ, ಒಂದು ಪಾಲಿಶ್ ಪೇಪರ ಕೊಡು,” ಎಂದರು.

ನಾವು ಅಷ್ಟು ಅಕ್ಕರೆಯಿಂದ ಬಳಿಸಿದ್ದ ಬಣ್ಣವನ್ನು ಅವರು ರೂಪಾಯಿಯಗಲ ಉಜ್ಜಿ ತೆಗೆದರು. ಕೆಳಗೆ ಬಿಳಿಯ ಕಬ್ಬಿಣ ಹೊಳೆಯಿತು. ತಂತಿಯನ್ನು ಬಿಗಿದು, ಎಂಜಿನಿನಿಂದ ಷಾಸಿಗೆ ಹೋಗುವ ಪಟ್ಟಿಗೂ ಹಾಗೆಯೇ ಮಾಡಿ, ಸೆಲ್ಫು ಒತ್ತಿಸಿದರು. ಎಂಜಿನು ಮೂರನೆಯ ಸುತ್ತಿಗೆ ಎದ್ದಿತು. ಹದಿನೈದು ನಿಮಿಷ ಓಡಿ ಪೆಟ್ರೋಲಿಲ್ಲದೆ ಮತ್ತೆ ನಿಂತಿತೆಂಬುದು ಬೇರೆ ಮಾತು. ನಮ್ಮ ದೇಶದ ಪೆಟ್ರೋಲಿನಲ್ಲಿ ಈಗ ನೂರಕ್ಕೆ ೨೦ ಪಾಲಿನವರೆಗೆ ಎಥನಾಲ್ ಬೆರೆಯುತ್ತದೆ. ಹಳೆಯ ಪಂಪಿನ ರಬ್ಬರು ಪೊರೆ ಅದರಲ್ಲಿ ಉಬ್ಬಿ ಮೆತ್ತಗಾಗಿತ್ತು. ೧೯೪೪ರ ಯಾವ ಕೈಪಿಡಿಯಲ್ಲಿಯೂ ಇಲ್ಲದ ಈ ರೋಗವನ್ನೂ ಅವರು ಪಂಪನ್ನು ಬಿಚ್ಚಿ, ಪೊರೆಯನ್ನು ಬೆರಳಿನಿಂದ ಒತ್ತಿ ನೋಡಿಯೇ ಹೇಳಿದರು. ಹೊಸ ಪೊರೆ ತರಿಸಿ ಹಾಕುವುದಕ್ಕೆ ಇನ್ನೊಂದು ವಾರ ಹಿಡಿಯಿತು.

ಲಾರಿಯನ್ನು ಅಂಗಳದಿಂದ ಹೊರಗೆ ತೆಗೆಯುವ ದಿನ ನಾವು ತೆಂಗಿನಕಾಯಿಯನ್ನೂ ಹೂವನ್ನೂ ತಂದಿದ್ದೆವು. ಹವಾಲ್ದಾರರು ಚಕ್ರಗಳನ್ನು ನೋಡಿ, ಆಗದು ಎಂದು ತಲೆಯಾಡಿಸಿದರು. ನಮ್ಮ ಹಸಿರು ಬಣ್ಣ ಎಲ್ಲ ನಟ್ಟುಗಳನ್ನೂ ಒಂದೇ ಸಮನಾಗಿ ಮುಚ್ಚಿಬಿಟ್ಟಿತ್ತು. ಹುಡುಗನನ್ನು ಅಂಗಡಿಗೆ ಓಡಿಸಿ ಕೆಂಪು ಬಣ್ಣದ ಸಣ್ಣ ಡಬ್ಬಿಯನ್ನು ತರಿಸಿಕೊಂಡರು. ಎಂಬತ್ತು ಸಮೀಪಿಸಿದ್ದ ಆ ಹಿರಿಯರು ನೆಲದ ಮೇಲೆ ಗೋಣಿ ಹಾಸಿಕೊಂಡು ಕೂತು, ನಾಲ್ಕು ಚಕ್ರಗಳ ಹೊರಸುತ್ತಿನ ನಟ್ಟುಗಳಿಗೆ ಒಂದೊಂದಾಗಿ ಕೆಂಪು ಹಚ್ಚುತ್ತ ಹೋದರು. ಬಣ್ಣ ಒಣಗುವವರೆಗೂ ಲಾರಿ ಅಲ್ಲಿಯೇ ನಿಂತಿತ್ತು. ತೆಂಗಿನಕಾಯಿ ಒಡೆದದ್ದು ಆಮೇಲೆ.